ಕೋಲಾರ ಸೀಮೆಯ ಖಾರದ ಹುಗ್ಗಿ: ಆಯುರ್ವೇದ ಹೇಳುವ ಪಾಕ, ಪ್ರಮಾಣ ಮತ್ತು ಕಾಲ

ಧನುರ್ಮಾಸದ ನಸುಕಿನಲ್ಲಿ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ದೇವಾಲಯಗಳಲ್ಲಿ ನೈವೇದ್ಯವಾಗಿಯೂ ಮನೆಗಳಲ್ಲಿ ಬೆಳಗಿನ ಆಹಾರವಾಗಿಯೂ ಸಿದ್ಧವಾಗುವ ಅನ್ನವಿಶೇಷವೇ ಹುಗ್ಗಿ. ಅಕ್ಕಿ, ಹುರಿದ ಹೆಸರುಬೇಳೆ, ಕಾಳುಮೆಣಸು, ಜೀರಿಗೆ, ಶುಂಠಿ, ಇಂಗು ಹಾಗೂ ತುಪ್ಪ ಇದರ ಮುಖ್ಯ ದ್ರವ್ಯಗಳು. ಉತ್ತರ ಕರ್ನಾಟಕದ ಓದುಗರಿಗೆ ಹುಗ್ಗಿ ಎಂದೊಡನೆ ಗೋಧಿ ಮತ್ತು ಬೆಲ್ಲದ ಸಿಹಿ ಖಾದ್ಯ ನೆನಪಾಗುವುದು ಸಹಜ. ಹಳೆ ಮೈಸೂರು ಭಾಗದ ಈ ಹುಗ್ಗಿ ಉಪ್ಪು-ಖಾರದ್ದು. ಹೋಟೆಲುಗಳ ಪಟ್ಟಿಯಲ್ಲಿ ಇದೇ ಖಾರ ಪೊಂಗಲ್ ಎನಿಸಿಕೊಳ್ಳುತ್ತದೆ. ಆಂಧ್ರದ ಗಡಿಗೆ ತಾಗಿದ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕನ್ನಡದ ಜೊತೆಗೆ ತೆಲುಗೂ ಮನೆಮಾತಾಗಿದ್ದು, ಆ ಭಾಷೆಯಲ್ಲಿ ಇದರ ಹತ್ತಿರದ ಬಂಧುವನ್ನು ಪುಲಗಂ ಎನ್ನುತ್ತಾರೆ.

ಹುಗ್ಗಿಯ ಕುರಿತು ನಗರಗಳಲ್ಲಿ ಒಂದು ನಂಬಿಕೆ ಬೇರೂರಿದೆ. ಇದು ಬಹಳ ಹಗುರವಾದ ಆಹಾರ, ಜ್ವರ ಬಂದವರಿಗೂ ಹೊಟ್ಟೆ ಕೆಟ್ಟವರಿಗೂ ಆಯುರ್ವೇದ ಹೇಳಿದ ಪಥ್ಯ ಎಂಬುದೇ ಆ ನಂಬಿಕೆ. ಆಯುರ್ವೇದದ ಗ್ರಂಥಗಳನ್ನು ತೆರೆದು ನೋಡಿದರೆ ಕಾಣುವುದು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದ ಮಾತು. ಹುಗ್ಗಿ ಬಲ ಕೊಡುತ್ತದೆ ನಿಜ. ಆದರೆ ಅದು ಗುರುವಾದ, ಅಂದರೆ ಜೀರ್ಣಕ್ಕೆ ಭಾರವಾದ ಆಹಾರ. ಹಳೆಯ ಅಕ್ಕಿ, ಹುರಿದ ಬೇಳೆ, ಮೆಣಸು, ಇಂಗು, ತುಪ್ಪ, ಮಾಗಿಯ ಚಳಿ, ಹಸಿದ ಹೊಟ್ಟೆ ಇವೆಲ್ಲ ಆ ಭಾರವನ್ನು ಹೊರಲು ಮಾಡಿಕೊಂಡ ಏರ್ಪಾಡುಗಳು. ಇವುಗಳಲ್ಲಿ ಕೆಲವನ್ನು ಕೈಬಿಟ್ಟು ಉಳಿದವನ್ನು ಮಾತ್ರ ಇಟ್ಟುಕೊಂಡರೆ ಖಾದ್ಯದ ಹೆಸರು ಉಳಿಯುತ್ತದೆ, ಗುಣ ಉಳಿಯುವುದಿಲ್ಲ.

ಗ್ರಂಥಗಳಲ್ಲಿ ಕೃಶರಾ

ಅಕ್ಕಿ ಮತ್ತು ಬೇಳೆಯನ್ನು ಕೂಡಿಸಿ ಬೇಯಿಸಿದ ಅನ್ನಕ್ಕೆ ಸಂಸ್ಕೃತದಲ್ಲಿ ಕೃಶರಾ ಎಂದು ಹೆಸರು. ಇಂದಿನ ಕಿಚಡಿ ಎಂಬ ಪದ ಬಂದದ್ದು ಅದರಿಂದಲೇ. 14ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ, ಹೆಸರುಕಾಳು ಮತ್ತು ಅಕ್ಕಿಯನ್ನು ಒಟ್ಟಿಗೆ ಬೇಯಿಸಿ ತುಪ್ಪದೊಡನೆ ಬೆಳಗಿನ ಹೊತ್ತು ಉಣ್ಣುವ ಪದ್ಧತಿಯನ್ನು ದಾಖಲಿಸಿದ್ದಾನೆ. ಕನ್ನಡದಲ್ಲಿಯೂ ಪಾಕಶಾಸ್ತ್ರದ ಪರಂಪರೆ ಹಳೆಯದೇ. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ ಅಡುಗೆಯನ್ನು ಒಳಗೊಂಡಿದ್ದರೆ, 16ನೆಯ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ ಪೂರ್ಣವಾಗಿ ಅಡುಗೆಗೇ ಮೀಸಲಾದ ಕೃತಿ.

ಶಾರ್ಙ್ಗಧರ ಸಂಹಿತೆ ಅಕ್ಕಿಯ ಪಾಕಗಳನ್ನು ನೀರಿನ ಪ್ರಮಾಣದಿಂದಲೇ ವಿಂಗಡಿಸುತ್ತದೆ. ಅಕ್ಕಿಯ ನಾಲ್ಕರಷ್ಟು ನೀರಿನಲ್ಲಿ ಬೆಂದದ್ದು ವಿಲೇಪಿ, ಐದರಷ್ಟಾದರೆ ಅನ್ನ, ಆರರಷ್ಟಾದರೆ ಯವಾಗೂ, ಹದಿನಾಲ್ಕರಷ್ಟಾದರೆ ಮಂಡ ಅಂದರೆ ತಿಳಿಗಂಜಿ. ಈ ಯವಾಗೂವನ್ನೇ ಅಕ್ಕಿಯೊಡನೆ ಹೆಸರು, ಉದ್ದು ಅಥವಾ ಎಳ್ಳು ಸೇರಿಸಿ ಗಟ್ಟಿಯಾಗಿ ಬೇಯಿಸಿದರೆ ಅದು ಕೃಶರಾ. ಅದು ಬಲಕರ, ತೃಪ್ತಿಕರ, ವಾತಶಾಮಕ ಎಂಬುದು ಆ ಗ್ರಂಥದ ಅಭಿಪ್ರಾಯ.

16ನೆಯ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ. ಅಕ್ಕಿ, ಬೇಳೆ, ಉಪ್ಪು, ಹಸಿಶುಂಠಿ, ಇಂಗು ಸೇರಿ ನೀರಿನಲ್ಲಿ ಬೆಂದ ಕೃಶರಾ ಶುಕ್ರಕರ, ಬಲಕರ, ಗುರು, ಕಷ್ಟದಿಂದ ಜೀರ್ಣವಾಗುವಂಥದು, ಪಿತ್ತ ಮತ್ತು ಕಫವನ್ನು ಹೆಚ್ಚಿಸುವಂಥದು ಎಂದು ಅದು ಹೇಳುತ್ತದೆ. ಇಂದಿನ ಕಿಚಡಿ ಪ್ರಿಯರಿಗೆ ಈ ವಿವರಣೆ ಅಚ್ಚರಿ ತರಬಹುದು. ಬಲಕರ ಎಂಬ ಮಾತನ್ನು ಜಾಹೀರಾತುಗಳು ಎತ್ತಿಕೊಂಡವು, ಗುರು ಎಂಬ ಮಾತನ್ನು ಬಿಟ್ಟವು.

ಬರಡು ಸೀಮೆಯ ಅನ್ನ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಮತ್ತು ಪಿನಾಕಿನಿಗಳು ಮಳೆ ಬಂದಾಗ ಮಾತ್ರ ಹೊಳೆಗಳು. ಹಾಗಾಗಿ ಇಲ್ಲಿನ ದಿನನಿತ್ಯದ ಊಟ ರಾಗಿಮುದ್ದೆ. ಕೆರೆ ತುಂಬಿ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆದ ವರ್ಷಗಳಲ್ಲೂ ಅಕ್ಕಿಯ ಅನ್ನ ಹಬ್ಬ-ಹುಣ್ಣಿಮೆಗಳಿಗೆ ಸಲ್ಲುತ್ತಿತ್ತು. ಹುಗ್ಗಿ ಧನುರ್ಮಾಸಕ್ಕೂ ಸಂಕ್ರಾಂತಿಗೂ ಅಂಟಿಕೊಂಡದ್ದರ ಹಿಂದೆ ಶಾಸ್ತ್ರದಷ್ಟೇ ಈ ಅರ್ಥಶಾಸ್ತ್ರವೂ ಇದೆ ಎನ್ನಬಹುದು. ಕಣ ಮಾಡುವ ಕಾಲಕ್ಕೂ ಅದಕ್ಕೂ ಹೊಂದಿಕೆಯಿದೆ.

ಆಯುರ್ವೇದ ನಾಡನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಭಾಗಿಸುತ್ತದೆ. ನೀರು ಕಡಿಮೆ, ಮರಗಳು ವಿರಳ, ಒಣಗಾಳಿ ಹೆಚ್ಚು ಇರುವ ಜಾಂಗಲ ದೇಶದ ಲಕ್ಷಣಗಳು ಕೋಲಾರ ಸೀಮೆಗೆ ಬಹುಮಟ್ಟಿಗೆ ಹೊಂದುತ್ತವೆ. ಅಂಥ ಕಡೆ ವಾತ ಪ್ರಬಲವಾಗುವುದರಿಂದ ಜಿಡ್ಡಿನ ಅಂಶವಿರುವ ಬಿಸಿ ಆಹಾರ ಹಿತ. ಹುಗ್ಗಿಗೆ ತುಪ್ಪ ಧಾರಾಳವಾಗಿರಬೇಕು ಎಂಬ ಈ ಭಾಗದ ಹಿರಿಯರ ಮಾತಿಗೆ ಇಲ್ಲಿ ಆಧಾರ ಸಿಗುತ್ತದೆ. ಇದೇ ಪಾಕವನ್ನು ಮಂಗಳೂರು ಅಥವಾ ಉಡುಪಿಯಂತಹ ತೇವದ ಆನೂಪ ಪ್ರದೇಶದಲ್ಲಿ ಮಾಡುವವರು ತುಪ್ಪವನ್ನು ಅರ್ಧಕ್ಕಿಳಿಸಿ ಮೆಣಸು, ಶುಂಠಿಗಳನ್ನು ತುಸು ಏರಿಸುವುದು ಲೇಸು.

ಧನುರ್ಮಾಸವೇ ಏಕೆ?

ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಧನುರ್ಮಾಸ ಹೇಮಂತ ಋತುವಿನ ಭಾಗ. ಹೊರಗಿನ ಚಳಿ ದೇಹದ ಉಷ್ಣವನ್ನು ಒಳಗೇ ತಡೆಯುವುದರಿಂದ ಈ ಋತುವಿನಲ್ಲಿ ಜಠರಾಗ್ನಿ ಅತ್ಯಂತ ಬಲವಾಗಿರುತ್ತದೆ ಎಂದು ಚರಕ ಸಂಹಿತೆ ಹೇಳುತ್ತದೆ. ಅಂಥ ಅಗ್ನಿಗೆ ತಕ್ಕ ಗುರುವಾದ ಆಹಾರ ಸಿಗದಿದ್ದರೆ ಅದು ದೇಹದ ರಸಧಾತುವನ್ನೇ ಸುಡುತ್ತದೆ, ವಾತ ಕೆರಳುತ್ತದೆ. ಇದೇ ಕಾರಣಕ್ಕೆ ಹೇಮಂತದಲ್ಲಿ ಜಿಡ್ಡಿನ, ಪುಷ್ಟಿಕರವಾದ ಊಟ ವಿಹಿತ. ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರ ಸೀಮೆಯ ಮಾಗಿಯ ಚಳಿಯಲ್ಲಿ, ಹಿಂದಿನ ರಾತ್ರಿ ಬೇಗ ಉಂಡು, ಮುಂಜಾನೆ ಎದ್ದು, ಸ್ನಾನ ಮಾಡಿ, ಚೆನ್ನಾಗಿ ಹಸಿದವರು ಬಿಸಿಯಾಗಿ ಉಣ್ಣುವ ಹುಗ್ಗಿಯನ್ನು ಅರಗಿಸಿಕೊಳ್ಳುವ ಶಕ್ತಿ ಆ ಕಾಲದಲ್ಲಿ ತಾನೇ ತಾನಾಗಿ ದೇಹಕ್ಕಿರುತ್ತದೆ.

ವಸಂತದ ಮಾತು ಬೇರೆ. ಚಳಿಗಾಲದಲ್ಲಿ ಸಂಚಯವಾದ ಕಫ ಆಗ ಕರಗಿ ಅಗ್ನಿಯನ್ನು ಮಂದಗೊಳಿಸುತ್ತದೆ. ಗುರುವಾದ, ಜಿಡ್ಡಾದ ಆಹಾರವನ್ನು ಬಿಡಬೇಕೆಂದು ಗ್ರಂಥಗಳು ಸ್ಪಷ್ಟವಾಗಿ ಹೇಳುತ್ತವೆ. ಬೇಸಿಗೆಯಲ್ಲಿ ಮೆಣಸಿನ ಉಷ್ಣವೂ ಒಗ್ಗದು. ಏಪ್ರಿಲ್ ತಿಂಗಳ ಮಧ್ಯಾಹ್ನ ಹೋಟೆಲಿನ ಪೊಂಗಲ್ ಉಂಡು ಕಚೇರಿಯಲ್ಲಿ ತೂಕಡಿಸುವವರು ದೂರಬೇಕಾದದ್ದು ಅಡುಗೆಭಟ್ಟರನ್ನಲ್ಲ, ಪಂಚಾಂಗವನ್ನು.

ದ್ರವ್ಯಗಳ ಆಯ್ಕೆ

ಚರಕ ಸಂಹಿತೆಯ ವಿಮಾನಸ್ಥಾನ ಆಹಾರವನ್ನು ನಿರ್ಣಯಿಸುವ ಎಂಟು ಅಂಶಗಳನ್ನು ಹೇಳುತ್ತದೆ: ದ್ರವ್ಯದ ಸಹಜ ಗುಣ, ಅದಕ್ಕೆ ಮಾಡುವ ಸಂಸ್ಕಾರ, ಸಂಯೋಗ, ರಾಶಿ ಅಂದರೆ ಪ್ರಮಾಣ, ದೇಶ, ಕಾಲ, ಉಣ್ಣುವ ನಿಯಮ ಮತ್ತು ಉಣ್ಣುವವನು. ಹುಗ್ಗಿಯ ಪಾಕದಲ್ಲಿ ಮೊದಲ ಮೂರು ಅಡುಗೆಮನೆಯ ಕೈಯಲ್ಲಿವೆ.

ಅಕ್ಕಿ ಕನಿಷ್ಠ ಒಂದು ವರ್ಷ ಹಳೆಯದಾಗಿರಬೇಕು. ಹೊಸ ಅಕ್ಕಿ ಕಫಕರ, ಭಾರ, ಹಳೆಯದು ಲಘು. ಸಂಕ್ರಾಂತಿಯ ಪೊಂಗಲಿಗೆ ಹೊಸ ಅಕ್ಕಿಯೇ ಶ್ರೇಷ್ಠವೆಂಬ ಸಂಪ್ರದಾಯವಿರುವ ಮನೆಗಳಲ್ಲಿ ಅಕ್ಕಿಯನ್ನು ಒಣ ಬಾಣಲೆಯಲ್ಲಿ ಬೆಚ್ಚಗೆ ಹುರಿದುಕೊಂಡರೆ ದೋಷ ತಗ್ಗುತ್ತದೆ. ಬೇಳೆಗಳಲ್ಲಿ ಹೆಸರು ಅತ್ಯಂತ ಹಿತ, ಉದ್ದು ಅತ್ಯಂತ ಅಹಿತ ಎಂಬುದು ಚರಕನ ತೀರ್ಮಾನ. ಹೊಟ್ಟು ತೆಗೆದು, ತುಸು ಹುರಿದು, ಚೆನ್ನಾಗಿ ಬೇಯಿಸಿದ ಬೇಳೆ ಲಘುವಾಗುತ್ತದೆ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಹೆಸರುಬೇಳೆಯನ್ನು ಪರಿಮಳ ಬರುವವರೆಗೆ ಹುರಿಯುವ ರೂಢಿ ರುಚಿಗಾಗಿ ಮಾತ್ರ ಬಂದದ್ದಲ್ಲ.

ಸಾಂಬಾರ ದ್ರವ್ಯಗಳ ವಿಚಾರದಲ್ಲಿ ಗಮನಿಸಬೇಕಾದದ್ದು ಅವುಗಳ ದಿಕ್ಕು. ಮೆಣಸು ತೀಕ್ಷ್ಣ, ಉಷ್ಣ, ಅಗ್ನಿದೀಪಕ. ಕಫ-ವಾತಗಳನ್ನು ತಗ್ಗಿಸಿ ಪಿತ್ತವನ್ನು ಏರಿಸುತ್ತದೆ. ಜೀರಿಗೆ ದೀಪಕವೂ ಪಾಚಕವೂ ಹೌದು. ಇಂಗು ಹೊಟ್ಟೆಯುಬ್ಬರ ಮತ್ತು ಶೂಲೆಗೆ ಹೆಸರಾದದ್ದು. ಶುಂಠಿಯ ಚೂರನ್ನು ಉಪ್ಪಿನೊಡನೆ ಊಟಕ್ಕೆ ಮುನ್ನ ಅಗಿಯುವುದು ಸದಾ ಪಥ್ಯವೆಂದು ಭಾವಪ್ರಕಾಶ ಹೇಳುತ್ತದೆ. ಇವೆಲ್ಲವೂ ಉಷ್ಣದ ಕಡೆಗೆ ವಾಲುವುದರಿಂದ ಸಮತೋಲ ತರುವ ಕೆಲಸ ತುಪ್ಪದ್ದು. ಹಸುವಿನ ತುಪ್ಪ ಪಿತ್ತ-ವಾತಗಳೆರಡನ್ನೂ ಶಮನಗೊಳಿಸುತ್ತದೆ, ಅಗ್ನಿಯನ್ನೂ ಉಳಿಸುತ್ತದೆ. ಎಣ್ಣೆಯ ಒಗ್ಗರಣೆ ಹಾಕಿ ಮೇಲೆ ಒಂದು ಚಮಚ ತುಪ್ಪ ಸುರಿಯುವ ಹೋಟೆಲು ಪದ್ಧತಿಯಲ್ಲಿ ಈ ಸಮತೋಲ ಸಿದ್ಧಿಸುವುದಿಲ್ಲ.

ನೀರಿನ ವಿಷಯವನ್ನು ಕೋಲಾರದಲ್ಲಿ ಪ್ರತ್ಯೇಕವಾಗಿಯೇ ಹೇಳಬೇಕು. ಆಳದ ಕೊಳವೆಬಾವಿಗಳ ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಅದರಲ್ಲಿನ ಸುಣ್ಣದಂಶ ಬೇಳೆಯನ್ನು ಬಿಗಿ ಹಿಡಿಯುತ್ತದೆ. ಅರೆಬೆಂದ ಬೇಳೆಯ ಹುಗ್ಗಿ ವಾಯುವಿಗೆ ಮೂಲ. ಜಿಲ್ಲೆಯ ಹಲವು ಕಡೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವೂ ಹೆಚ್ಚಿದೆ, ನೀರನ್ನು ಕುದಿಸುವುದರಿಂದ ಅದು ಹೋಗುವುದಿಲ್ಲ. ಕುಡಿಯಲು ಬಳಸುವ ಶುದ್ಧೀಕರಿಸಿದ ನೀರನ್ನೇ ಹುಗ್ಗಿಗೂ ಬಳಸುವುದು ಸೂಕ್ತ.

ಮಾಡುವ ವಿಧಾನ

ಐದು ಜನರಿಗೆ ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಹಳೆಯ ಅಕ್ಕಿ ಮತ್ತು ಮುಕ್ಕಾಲು ಲೋಟ, ಸುಮಾರು 150 ಗ್ರಾಂ ಹೆಸರುಬೇಳೆ ಸಾಕು. ಇದಕ್ಕೆ ಒಂದೂವರೆ ಟೀ ಚಮಚ ಮೆಣಸು, ಎರಡು ಟೀ ಚಮಚ ಜೀರಿಗೆ, ಒಂದು ಅಂಗುಲ ಹಸಿಶುಂಠಿ, ಎರಡು ಚಿಟಿಕೆ ಇಂಗು, ಕಾಲು ಟೀ ಚಮಚ ಅರಿಸಿನ, ಒಂದೆಸಳು ಕರಿಬೇವು, ಎರಡು ದೊಡ್ಡ ಚಮಚ ತುರಿದ ಕೊಬ್ಬರಿ, ಹತ್ತು-ಹನ್ನೆರಡು ಗೋಡಂಬಿ, ನಾಲ್ಕು ದೊಡ್ಡ ಚಮಚ ತುಪ್ಪ ಮತ್ತು ಉಪ್ಪು. ಉಪ್ಪುಗಳಲ್ಲಿ ಸೈಂಧವವೇ ಶ್ರೇಷ್ಠವೆಂದು ಶಾಸ್ತ್ರ ಹೇಳುತ್ತದೆಯಾದರೂ, ಮಕ್ಕಳಿರುವ ಮನೆಯಲ್ಲಿ ಅಯೋಡಿನ್‌ಯುಕ್ತ ಉಪ್ಪನ್ನು ಪೂರ್ತಿಯಾಗಿ ಬಿಡುವುದು ಸರಿಯಲ್ಲ.

ಬೇಳೆಯನ್ನು ಸಣ್ಣ ಉರಿಯಲ್ಲಿ ಹುರಿಯಬೇಕು. ಬಣ್ಣ ಕೆಂಪಗಾಗುವ ಮೊದಲು, ಪರಿಮಳ ಎದ್ದ ಕೂಡಲೇ ಇಳಿಸಬೇಕು. ಕಂದಿದ ಬೇಳೆ ಎಷ್ಟು ಬೇಯಿಸಿದರೂ ಹಣ್ಣಾಗದು. ಅಕ್ಕಿ ಮತ್ತು ಬೇಳೆಯನ್ನು ಕೂಡಿಸಿ ಮೂರು ನೀರಿನಲ್ಲಿ ತೊಳೆದು ಅರ್ಧ ಗಂಟೆ ನೆನೆಸಿಡಬೇಕು. ತೆರೆದ ಪಾತ್ರೆಯಲ್ಲಿ ಬೇಯಿಸುವುದಾದರೆ ಐದರಷ್ಟು ನೀರನ್ನು ಕುದಿಸಿ, ಅರಿಸಿನ ಮತ್ತು ಒಂದು ಚಮಚ ತುಪ್ಪ ಹಾಕಿ, ಅಕ್ಕಿ-ಬೇಳೆ ಬಿಡಬೇಕು. ನಡುನಡುವೆ ಬಿಸಿನೀರು ಸೇರಿಸುತ್ತಾ ಹೋದರೆ ಒಟ್ಟು ನೀರು ಶಾರ್ಙ್ಗಧರ ಹೇಳಿದ ಆರರಷ್ಟಕ್ಕೆ ಬಂದು ನಿಲ್ಲುತ್ತದೆ. ಮುಕ್ಕಾಲು ಗಂಟೆಯ ಮಂದ ಉರಿ ಬೇಕು. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯಿದ್ದರೆ ತಳ ಹಿಡಿಯುವ ಭಯ ಕಡಿಮೆ. ಕುಕ್ಕರಿನಲ್ಲಾದರೆ ನಾಲ್ಕರಷ್ಟು ನೀರು, ನಾಲ್ಕು ಕೂಗು ಸಾಕು. ಆವಿ ತಾನಾಗಿ ಇಳಿದ ಮೇಲೆ ಮುಚ್ಚಳ ತೆಗೆದು ಒಂದು ಲೋಟ ಬಿಸಿನೀರು ಬೆರೆಸಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಮಗುಚಬೇಕು. ಈ ಕೊನೆಯ ಹತ್ತು ನಿಮಿಷವನ್ನು ಅವಸರದಲ್ಲಿ ಬಿಡುವವರೇ ಹೆಚ್ಚು. ಹುಗ್ಗಿಗೂ ಬೇಳೆ ಬೆರೆತ ಅನ್ನಕ್ಕೂ ಇರುವ ವ್ಯತ್ಯಾಸ ಅಲ್ಲಿಯೇ ಇದೆ.

ಮೆಣಸನ್ನು ನುಣ್ಣಗೆ ಪುಡಿ ಮಾಡದೆ ತರಿತರಿಯಾಗಿ ಕುಟ್ಟಬೇಕು. ಇಡೀ ಕಾಳುಗಳು ತಟ್ಟೆಯ ಅಂಚು ಸೇರಿ ಹೊರಗೆ ಹೋಗುತ್ತವೆ, ಅವುಗಳಿಂದ ಜೀರ್ಣಕ್ಕೆ ಪ್ರಯೋಜನವಿಲ್ಲ. ತುಪ್ಪ ಕಾದ ಮೇಲೆ ಗೋಡಂಬಿಯನ್ನು ಹುರಿದು ತೆಗೆದಿಟ್ಟು, ಅದೇ ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು, ಹೆಚ್ಚಿದ ಶುಂಠಿ, ಕರಿಬೇವು, ಕೊನೆಯಲ್ಲಿ ಇಂಗು ಹಾಕಿ, ಇಂಗು ಅರಳಿದೊಡನೆ ಹುಗ್ಗಿಗೆ ಸುರಿಯಬೇಕು. ಉಪ್ಪು, ಕೊಬ್ಬರಿ ಬೆರೆಸಿ ಐದು ನಿಮಿಷ ಮುಚ್ಚಿಡಬೇಕು. ಆರಿದಂತೆ ಹುಗ್ಗಿ ಬಿಗಿಯುವುದರಿಂದ ಒಲೆಯಿಂದ ಇಳಿಸುವಾಗ ಸೌಟಿನಿಂದ ಜಾರುವಷ್ಟು ಸಡಿಲವಾಗಿರಬೇಕು.

ನೆಂಚಿಕೊಳ್ಳಲು ಹುಣಸೆ ಗೊಜ್ಜು ಹಳೆಯ ಜೋಡಿ. ಹಣ್ಣಾದ ಹುಣಸೆ ಅಗ್ನಿದೀಪಕ, ಕಫ-ವಾತಹರ ಎಂಬ ಕಾರಣಕ್ಕೆ ಈ ಸಂಯೋಗ ಸಮರ್ಥನೀಯ. ಹುಳಿತೇಗು, ಎದೆಯುರಿ ಇರುವವರು ಗೊಜ್ಜನ್ನೂ ಮೆಣಸನ್ನೂ ಕಡಿಮೆ ಮಾಡಬೇಕು. ಮೊಸರುಬಜ್ಜಿ ಬೇಕೆನ್ನುವವರು ಅದನ್ನು ಹಗಲಿಗೆ ಇಟ್ಟುಕೊಳ್ಳಲಿ. ರಾತ್ರಿಯ ಮೊಸರನ್ನು ಚರಕ ನಿಷೇಧಿಸಿದ್ದಾನೆ.

ಅವರೆಕಾಳು ಸೇರಿದಾಗ

ಡಿಸೆಂಬರ್-ಜನವರಿಯಲ್ಲಿ ಕೋಲಾರ ಸೀಮೆಯಲ್ಲಿ ಹುಗ್ಗಿಯ ಮಾತು ಅವರೆಕಾಳಿನ ಮಾತಿಲ್ಲದೆ ಮುಗಿಯದು. ಸೊಗಡವರೆ ಮಾರುಕಟ್ಟೆಗೆ ಬಂದರೆ ಉಪ್ಪಿಟ್ಟು, ಸಾರು, ರೊಟ್ಟಿ, ಅನ್ನ ಎಲ್ಲದರಲ್ಲಿಯೂ ಅದೇ. ಹೆಸರುಬೇಳೆಯನ್ನು ಅರ್ಧಕ್ಕಿಳಿಸಿ ಅಷ್ಟೇ ಅವರೆಕಾಳು ಸೇರಿಸಿ ಮಾಡುವ ಹುಗ್ಗಿ ಈ ಕಾಲದ ವಿಶೇಷ.

ಆಯುರ್ವೇದದಲ್ಲಿ ಅವರೆಗೆ ನಿಷ್ಪಾವ ಎಂದು ಹೆಸರು. ಅದು ಗುರು, ರೂಕ್ಷ, ವಾಯುವನ್ನು ಕಟ್ಟುವಂಥದು ಎಂದು ಭಾವಪ್ರಕಾಶ ಎಚ್ಚರಿಸುತ್ತದೆ. ಹೆಸರುಬೇಳೆಯ ಹುಗ್ಗಿಯೇ ಭಾರವಾದರೆ ಅವರೆಯ ಹುಗ್ಗಿ ಇನ್ನೂ ಭಾರ ಎಂದಾಯಿತು. ಈ ಸೀಮೆಯ ಅಡುಗೆಮನೆ ಇದಕ್ಕೆ ತನ್ನದೇ ಪರಿಹಾರಗಳನ್ನು ಕಂಡುಕೊಂಡಿದೆ. ಮೊದಲನೆಯದು ಹಿತಕಿದ ಬೇಳೆ. ಕಾಳನ್ನು ರಾತ್ರಿಯಿಡೀ ನೆನೆಸಿ ಒಂದೊಂದಾಗಿ ಹಿಸುಕಿ ಸಿಪ್ಪೆ ತೆಗೆಯುವ ಈ ಕೆಲಸಕ್ಕೆ ಮನೆಮಂದಿಯೆಲ್ಲ ಕೂಡಬೇಕು. ಹೊಟ್ಟು ತೆಗೆದ ಬೇಳೆ ಲಘು ಎಂಬ ಸುಶ್ರುತನ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಎರಡನೆಯದು ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಶುಂಠಿ ಮತ್ತು ಇಂಗಿನ ಜೋಡಿ. ವಾಯುವನ್ನು ಕೆಳಮುಖವಾಗಿಸುವ ದ್ರವ್ಯಗಳೇ ಇವು. ಕಾಳನ್ನು ಪ್ರತ್ಯೇಕವಾಗಿ ಮುಕ್ಕಾಲು ಭಾಗ ಬೇಯಿಸಿಕೊಂಡು ನಂತರವೇ ಅಕ್ಕಿಗೆ ಸೇರಿಸಬೇಕು.

ಅವರೆಯ ಅಡುಗೆಗೆ ಹಾಲು ಬೆರೆಸಬಾರದು. ಹಾಲಿನೊಡನೆ ವಿರುದ್ಧವಾಗುವ ದ್ರವ್ಯಗಳ ಪಟ್ಟಿಯಲ್ಲಿ ಚರಕ ಸಂಹಿತೆ ಹುರುಳಿ, ಉದ್ದುಗಳ ಜೊತೆಗೆ ನಿಷ್ಪಾವವನ್ನೂ ಹೆಸರಿಸುತ್ತದೆ. ಅದೇ ಪಟ್ಟಿಯಲ್ಲಿ ಕಂಗು ಅಂದರೆ ನವಣೆಯೂ ಇದೆ ಎಂಬುದನ್ನು, ನವಣೆಯ ಹಾಲು ಪಾಯಸವನ್ನು ಆಯುರ್ವೇದದ ಹೆಸರಿನಲ್ಲಿ ಪ್ರಚಾರ ಮಾಡುವವರು ಗಮನಿಸಿದಂತಿಲ್ಲ.

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಅಕ್ಕಿಯ ಬದಲು ನವಣೆ, ಸಾಮೆಗಳ ಹುಗ್ಗಿಯೂ ಬಳಕೆಗೆ ಬಂದಿದೆ. ಇಂಥ ಕಿರುಧಾನ್ಯಗಳು ಸಾಮಾನ್ಯವಾಗಿ ಲಘು ಮತ್ತು ರೂಕ್ಷ. ಅವುಗಳಿಗೆ ನೀರನ್ನೂ ತುಪ್ಪವನ್ನೂ ಹೆಚ್ಚು ಕೊಡಬೇಕು, ನೆನೆಸುವ ಸಮಯವನ್ನೂ ಹೆಚ್ಚಿಸಬೇಕು.

ಯಾರಿಗೆ, ಎಷ್ಟು?

ಗುರುವಾದ ಆಹಾರವನ್ನು ಅರ್ಧ ತೃಪ್ತಿಯಾಗುವಷ್ಟು ಮಾತ್ರ ಉಣ್ಣಬೇಕೆಂಬುದು ವಾಗ್ಭಟನ ನಿಯಮ. ಮೇಲಿನ ಅಳತೆಯಲ್ಲಿ ಒಬ್ಬರ ಪಾಲಿಗೆ ಸುಮಾರು 350ರಿಂದ 400 ಕಿಲೋ ಕ್ಯಾಲರಿ ಬರುತ್ತದೆ. ಎರಡನೆಯ ಸಲ ಬಡಿಸಿಕೊಂಡರೆ ಒಂದು ಪೂರ್ಣ ಊಟವನ್ನೂ ಮೀರುತ್ತದೆ. ಆಧುನಿಕ ಪೋಷಣಶಾಸ್ತ್ರವೂ ಅಕ್ಕಿ-ಬೇಳೆಯ ಸಂಯೋಗವನ್ನು ಮೆಚ್ಚುತ್ತದೆ. ಅಕ್ಕಿಯಲ್ಲಿ ಕೊರತೆಯಿರುವ ಲೈಸಿನ್ ಬೇಳೆಯಲ್ಲಿಯೂ ಬೇಳೆಯಲ್ಲಿ ಕೊರತೆಯಿರುವ ಮೆಥಿಯೋನಿನ್ ಅಕ್ಕಿಯಲ್ಲಿಯೂ ಇರುವುದರಿಂದ ಪ್ರೋಟೀನಿನ ಗುಣಮಟ್ಟ ಹೆಚ್ಚುತ್ತದೆ. ಬೆಳೆಯುವ ಮಕ್ಕಳು, ಹೊಲದಲ್ಲಿ ದುಡಿಯುವವರು, ಚಳಿಗಾಲದಲ್ಲಿ ತೂಕ ಇಳಿದವರು ಇದರಿಂದ ನಿಜವಾದ ಪ್ರಯೋಜನ ಪಡೆಯುತ್ತಾರೆ.

ರೋಗಿಗಳ ವಿಷಯದಲ್ಲಿ ಕ್ರಮ ತಪ್ಪಬಾರದು. ಶೋಧನ ಚಿಕಿತ್ಸೆಯ ನಂತರ ಆಯುರ್ವೇದ ವಿಧಿಸುವ ಸಂಸರ್ಜನ ಕ್ರಮದಲ್ಲಿ ಮೊದಲು ತೆಳುವಾದ ಪೇಯಾ, ಆಮೇಲೆ ವಿಲೇಪಿ, ಅನಂತರ ಹೆಸರುಬೇಳೆಯ ಕಟ್ಟು ಬರುತ್ತವೆ. ಅಗ್ನಿಯನ್ನು ಕಿಡಿಯಿಂದ ಉರಿಗೆ ಮೆಲ್ಲಗೆ ಏರಿಸುವ ಹಾದಿ ಇದು. ಜ್ವರ ಬಿಟ್ಟವರಿಗೂ ಇದೇ ತರ್ಕ ಅನ್ವಯಿಸುತ್ತದೆ. ಶುಂಠಿ ಹಾಕಿದ ಗಂಜಿ ಮೊದಲು, ಹಸಿವು ತಾನಾಗಿ ಮರಳಿದ ಮೇಲೆ ತುಪ್ಪ ಕಡಿಮೆಯಿರುವ ಸಡಿಲ ಹುಗ್ಗಿ, ತುಪ್ಪದ ಗಟ್ಟಿ ಹುಗ್ಗಿ ಎಲ್ಲಕ್ಕಿಂತ ಕೊನೆಗೆ. ಬಾಣಂತಿಗೂ ಮೊದಲ ಐದಾರು ದಿನ ಹಿಪ್ಪಲಿ ಮುಂತಾದ ದೀಪಕ ದ್ರವ್ಯಗಳ ಗಂಜಿಯನ್ನೇ ಚರಕ ಹೇಳುತ್ತಾನೆ. ಪುಷ್ಟಿಯ ಆಹಾರ ಅದರ ಅನಂತರ. ವಾಂತಿ-ಭೇದಿಯಾಗುತ್ತಿರುವ ಮಗುವಿಗೆ ಹುಗ್ಗಿಯಿಂದಾಗಲಿ ಉಪವಾಸದಿಂದಾಗಲಿ ಚಿಕಿತ್ಸೆ ಮಾಡುವ ಪ್ರಯತ್ನ ಅಪಾಯಕಾರಿ. ಅಲ್ಲಿ ಬೇಕಾದದ್ದು ಜೀವಜಲದ ದ್ರಾವಣ ಮತ್ತು ವೈದ್ಯರು.

ಮಧುಮೇಹವಿರುವವರು ಅಕ್ಕಿಯ ಅಳತೆಗೆ ಬೇಳೆಯನ್ನು ಸಮನಾಗಿಸಿ, ಸೊಪ್ಪು-ತರಕಾರಿ ಸೇರಿಸಿ, ಒಂದು ಬಟ್ಟಲಿಗೆ ನಿಲ್ಲಿಸಬೇಕು. ಚೆನ್ನಾಗಿ ಬೆಂದು ಮೆತ್ತಗಾದ ಅಕ್ಕಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮೂತ್ರಪಿಂಡದ ತೊಂದರೆಗೆ ಪಥ್ಯದಲ್ಲಿರುವವರು ಬೇಳೆ, ಉಪ್ಪುಗಳ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು.

ಉಳಿದ ಹುಗ್ಗಿಯನ್ನು ಸಂಜೆ ಬಿಸಿ ಮಾಡಿ ಉಣ್ಣುವ ಅಭ್ಯಾಸವೂ ಸಾಮಾನ್ಯ. ಮರಳಿ ಬಿಸಿ ಮಾಡಿದ ಅನ್ನವನ್ನು ಅಷ್ಟಾಂಗ ಹೃದಯ ವರ್ಜ್ಯವೆನ್ನುತ್ತದೆ. ಬೆಂದ ಅಕ್ಕಿಯನ್ನು ಹೊರಗೆ ಬಹಳ ಹೊತ್ತು ಇಟ್ಟರೆ ಅದರಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು ಬಿಡುವ ವಿಷ ಪುನಃ ಕುದಿಸಿದರೂ ನಾಶವಾಗುವುದಿಲ್ಲ ಎಂಬುದು ಇಂದಿನ ವಿಜ್ಞಾನದ ಮಾತು. ಇಡಲೇಬೇಕಾದರೆ ಒಂದೆರಡು ಗಂಟೆಯೊಳಗೆ ಅಗಲವಾದ ಪಾತ್ರೆಯಲ್ಲಿ ಆರಿಸಿ ಫ್ರಿಜ್ಜಿನಲ್ಲಿಡಬೇಕು, ಮರುದಿನದೊಳಗೆ ಒಂದೇ ಬಾರಿ, ಚೆನ್ನಾಗಿ ಹಬೆಯಾಡುವಂತೆ ಬಿಸಿ ಮಾಡಿ ಮುಗಿಸಬೇಕು.